ಮೂರು ಇಂಚು ತಗ್ಗಿದ ಗಾಡಿ

ರಾಜಶೇಖರನ ತೊಂದರೆಯೆಲ್ಲ ಶುರುವಾದದ್ದು ಅವನ ಹೆಂಡತಿ ಪ್ರತಿಮಾಳ ಎಡಮಂಡಿಯಿಂದ. ಆ ಮಂಡಿ ಅವನ ಹೊಸ ಗಾಡಿಯನ್ನು ಹತ್ತಲು ಒಪ್ಪುತ್ತಿರಲಿಲ್ಲ.

ಹೊಸದು ಎಂದರೆ ಪೂರ್ತಿ ಹೊಸದಲ್ಲ. ಹಾಸನದ ಕಂಟ್ರಾಕ್ಟರೊಬ್ಬರು ನಾಲ್ಕು ವರ್ಷ ಓಡಿಸಿ ಮಾರಿದ್ದ ಕಪ್ಪು ಬಣ್ಣದ, ಏಳು ಸೀಟಿನ ದೊಡ್ಡ ಎಸ್‌ಯುವಿ. ಅರಸೀಕೆರೆಯ ಅವನ ಬೀದಿಯಲ್ಲಿ ಅದು ನಿಂತರೆ ದಾರಿ ತಪ್ಪಿದ ಆನೆಯೊಂದು ಯಾರದೋ ಮನೆಬಾಗಿಲಲ್ಲಿ ನಿಂತ ಹಾಗಿರುತ್ತಿತ್ತು. ಎದುರುಮನೆಯವರು ಅಂಗಳಕ್ಕೆ ಬಿಸಿಲು ಬೀಳುವುದಿಲ್ಲವೆಂದು ಹಪ್ಪಳವನ್ನು ತಾರಸಿಯ ಮೇಲೆ ಒಣಹಾಕಲು ಶುರುಮಾಡಿದ್ದರು.

ರಾಜಶೇಖರ ಹಳೇಬೀಡಿನಲ್ಲಿ ಪೈಪು, ಮೋಟರು ಮಾರುವ ಅಂಗಡಿ ಇಟ್ಟುಕೊಂಡವನು. ಬೋರ್‌ವೆಲ್ ಮೋಟರುಗಳು ಭಾನುವಾರವೂ ಸುಟ್ಟುಹೋಗುವುದರಿಂದ ಅಂಗಡಿಗೆ ರಜೆ ಎಂಬುದಿರಲಿಲ್ಲ. ಮಗಳ ಮದುವೆ ಮುಗಿದು ಮನೆ ಖಾಲಿಯಾದ ಮೇಲೆ, ಒಂದು ರಾತ್ರಿ ಊಟಕ್ಕೆ ಕೂತಾಗ, ಎದುರಿಗೆ ಕೂತವಳ ಜೊತೆ ಆಡಲು ತನ್ನ ಹತ್ತಿರ ಮಾತೇ ಇಲ್ಲವೆಂಬುದು ಅವನ ಗಮನಕ್ಕೆ ಬಂತು. ಮಾತನ್ನು ಎಲ್ಲಿಂದ ತರುವುದೆಂದು ತಿಳಿಯದೆ ಅವನು ಗಾಡಿ ತಂದ.

ಪ್ರತಿಮಾ ಆ ಗಾಡಿಯಲ್ಲಿ ಕೂತದ್ದು ಒಂದೇ ಸಲ, ಬಾಣಾವರದವರೆಗೆ. ವಾಪಸು ಬಂದು ಇಳಿದವಳು ಮಂಡಿ ಹಿಡಿದುಕೊಂಡು ನಿಂತಳು.

“ಎತ್ತರ ಜಾಸ್ತಿ ಆಯ್ತು ಕಣ್ರೀ. ನಂಗೆ ಹತ್ತಿ ಇಳಿಯೋಕಾಗಲ್ಲ. ನೀವು ಅಂಗಡಿಗೆ ಓಡಾಡೋಕೆ ಇಟ್ಕೊಳ್ಳಿ,” ಅಂದಳು.

ರಾಜಶೇಖರ ಪಕ್ಕಕ್ಕೊಂದು ಮೆಟ್ಟಿಲು ಹಾಕಿಸಿದ. ಅದು ಜಾರುತ್ತದೆ ಅಂದಳು. ಪ್ಲಾಸ್ಟಿಕ್ ಸ್ಟೂಲು ತಂದಿಟ್ಟ. ಬೀದಿಯಲ್ಲಿ ನಾಲ್ಕು ಜನರ ಮುಂದೆ ಸ್ಟೂಲು ಹತ್ತಿ ಕಾರಿಗೆ ಏರುವುದಕ್ಕಿಂತ ಮನೆಯಲ್ಲೇ ಇರುವುದು ವಾಸಿ ಅಂದಳು. ಹೀಗೆ ಎಂಟು ತಿಂಗಳು ಅವನು ದಿನಾ ಬೆಳಿಗ್ಗೆ ಆರು ಖಾಲಿ ಸೀಟುಗಳನ್ನು ಹಳೇಬೀಡಿಗೆ ಕರೆದುಕೊಂಡು ಹೋಗಿ, ಸಂಜೆ ಅವನ್ನೇ ಜೋಪಾನವಾಗಿ ಮನೆಗೆ ಕರೆತರುತ್ತಿದ್ದ.

ಕೊನೆಗೆ ದಾರಿ ತೋರಿಸಿದವರು ಪಕ್ಕದ ಮನೆಯ ಗಿಡ್ಡಯ್ಯನವರು. ಅವರು ನಿವೃತ್ತ ಸರ್ವೆಯರ್. ಕೆಲಸ ಬಿಟ್ಟು ಆರು ವರ್ಷವಾದರೂ ಟೇಪು ಅವರ ಜೇಬನ್ನು ಬಿಟ್ಟಿರಲಿಲ್ಲ. ಒಂದು ಸಂಜೆ ಗಾಡಿಯ ಪಕ್ಕ ಕುಕ್ಕರುಗಾಲಲ್ಲಿ ಕೂತು ಅಳತೆ ಹಿಡಿದರು.

“ಸಾವ್ಕಾರ್ರೆ, ಗಾಡಿ ಮೂರು ಇಂಚು ಹೆಚ್ಚಿಗೆ ಐತೆ. ಅಕ್ಕಾವ್ರ ಮಂಡಿ ನೋಯ್ತಾ ಇರೋದು ಆ ಮೂರು ಇಂಚಿಗೆ. ಮಂಡಿ ಎತ್ತರ ಮಾಡಕ್ಕಾಗಲ್ಲ, ಗಾಡಿ ತಗ್ಗಿಸ್ಬೋದು.”

“ಗಾಡಿ ತಗ್ಗಿಸ್ತಾರಾ?”

“ದುಡ್ಡು ಕೊಟ್ರೆ ಗುಡ್ಡಾನೂ ತಗ್ಗಿಸ್ತಾರೆ. ನಾನೇ ಅಳ್ದು ಕೊಟ್ಟಿವ್ನಿ.”

ಅವರ ಹೆಂಡತಿ ಅನುಸೂಯಮ್ಮ ಕಾಂಪೌಂಡಿನ ಆಚೆಯಿಂದ, “ಮಂಡಿ ನೋವು ಹಂಗೆಲ್ಲ ಹೋಗಲ್ಲ. ಸುಮ್ನೆ ಯಾಕೆ ಗಾಡಿ ಕೆಡಿಸ್ತೀರಾ,” ಅಂದರು. ಗಂಡಸರಿಬ್ಬರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಹಾಸನ ರಸ್ತೆಯ ಗ್ಯಾರೇಜಿನ ಭೀಮರಾಜ್ ಎರಡು ದಿನ ಗಾಡಿ ಇಟ್ಟುಕೊಂಡ. ನಾಲ್ಕೂ ಸ್ಪ್ರಿಂಗು ತೆಗೆದು ಗಿಡ್ಡ ಸ್ಪ್ರಿಂಗು ಹಾಕಿದ. ಕೀಲಿ ಕೊಡುವಾಗ ಕೈ ಒರೆಸಿಕೊಳ್ಳುತ್ತ ಒಂದು ಮಾತು ಹೇಳಿದ.

“ಅಣ್ಣಾ, ಡೈಲಿ ಓಡಾಟಕ್ಕೆ ಏನೂ ತೊಂದ್ರೆ ಇಲ್ಲ. ನೀವೊಬ್ರೇ ತಾನೆ ಓಡಾಡೋದು? ಜನ ತುಂಬಿದ್ರೆ ಇನ್ನೂ ಎರಡು ಇಂಚು ಕೂರುತ್ತೆ. ಅಷ್ಟು ನೋಡ್ಕಳಿ.”

ಈಗ ಗಾಡಿ ಕೆರೆಯಲ್ಲಿ ಬಿದ್ದುಕೊಂಡ ಎಮ್ಮೆಯ ಹಾಗೆ ಕಾಣುತ್ತಿತ್ತು. ಆದರೆ ಬಾಗಿಲು ತೆಗೆದರೆ ಸೀಟು ಸೊಂಟಕ್ಕೇ ಬರುತ್ತಿತ್ತು. ರಾಜಶೇಖರ ಮನೆಗೆ ಬಂದು, “ನಾಳೆ ಮಂಗಳವಾರ ಬಸ್ತಿಹಳ್ಳೀಲಿ ನಿಮ್ಮ ಚಿಕ್ಕಮ್ಮನ ಸೊಸೆ ಸೀಮಂತ ಅಲ್ವಾ? ಅಂಗಡಿ ಬಾಗ್ಲು ಹಾಕ್ತೀನಿ. ಇಬ್ರೂ ಹೋಗೋಣ,” ಅಂದ.

ಪ್ರತಿಮಾ ಗಾಡಿಯನ್ನೂ ಗಂಡನನ್ನೂ ನೋಡಿದಳು. ಹತ್ತಲಾಗುವುದಿಲ್ಲವೆನ್ನಲು ಅವಳಿಗೆ ಈಗ ಯಾವ ಅಳತೆಯೂ ಉಳಿದಿರಲಿಲ್ಲ. “ಆಯ್ತು,” ಅಂದಳು. ಚಿಕ್ಕಮ್ಮ ಮಹದೇವಮ್ಮ ಅವಳನ್ನು ಸಾಕಿ ಬೆಳೆಸಿದವರು. ಹನ್ನೆರಡು ಗಂಟೆಗೆ ಮಡಿಲು ತುಂಬುವಾಗ ಅವಳು ಅಲ್ಲಿರಲೇಬೇಕಿತ್ತು.

ಮಂಗಳವಾರ ಮೋಡ ಕವಿದಿತ್ತು. ಮಳೆ ಬರುವ ಮೋಡವಲ್ಲ, ಸುಮ್ಮನೆ ಬೆಳಕನ್ನು ಮಂಕು ಮಾಡಿಕೊಂಡು ಕೂರುವಂಥದ್ದು. ಒಂಬತ್ತಕ್ಕೆ ಹೊರಟರೆ ಹತ್ತೂಕಾಲಿಗೆ ಹಳೇಬೀಡಿನ ಪಕ್ಕದ ಬಸ್ತಿಹಳ್ಳಿ ಎಂಬುದು ರಾಜಶೇಖರನ ಲೆಕ್ಕ. ಊಟವಾದ ಮೇಲೆ ಬೇಲೂರಿಗೆ ಹೋಗಿಬರುವುದೆಂದು ಮನಸ್ಸಿನಲ್ಲೇ ಇಟ್ಟುಕೊಂಡಿದ್ದ. ದಾರಿಯಲ್ಲಿ ಆಡಬೇಕಾದ ಮಾತನ್ನು ಸ್ನಾನ ಮಾಡುವಾಗ ಎರಡು ಸಲ ಹೇಳಿಕೊಂಡಿದ್ದ. ಇಷ್ಟು ವರ್ಷ ನಿನ್ನನ್ನ ಒಬ್ಬಳನ್ನೇ ಬಿಟ್ಟೆ, ಇನ್ನು ಮೇಲೆ ತಿಂಗಳಿಗೊಂದು ದಿನ ಎಲ್ಲಾದರೂ ಹೋಗೋಣ ಎಂಬುದು ಅದರ ಸಾರಾಂಶ.

ಗಾಡಿ ಹೊರಡಿಸುವಷ್ಟರಲ್ಲಿ ಗಿಡ್ಡಯ್ಯನವರು ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ಹಿಂದಿನ ಬಾಗಿಲು ತೆಗೆದು ಕೂತರು. “ಅಳ್ತೆ ಕೊಟ್ಟೋನು ನಾನು. ಓಡೋ ಹೊತ್ನಲ್ಲಿ ಹೆಂಗಿರ್ತದೆ ಅಂತ ನೋಡ್ಬೇಕಲ್ಲ,” ಅಂದರು. ಅವರ ಹಿಂದೆ ಅನುಸೂಯಮ್ಮನವರೂ ಹತ್ತಿದರು. “ಪ್ರತಿಮಾ ಹೋಗ್ತಾಳಲ್ಲ, ನಾನೊಬ್ಳೇ ಮನೇಲಿ ಏನ್ ಮಾಡ್ಲಿ,” ಅಂದರು. ಇಬ್ಬರೂ ತಕ್ಕಷ್ಟು ತೂಕವಿದ್ದ ಜನ. ಗಾಡಿ ನಿಟ್ಟುಸಿರು ಬಿಟ್ಟಂತೆ ಕೆಳಗಿಳಿಯಿತು.

ಊರು ದಾಟುವ ಮೊದಲೇ ಮೊದಲನೆಯ ಹಂಪು ಬಂತು. ಮುಂದಿನ ಚಕ್ರ ದಾಟಿತು. ಆಮೇಲೆ ಕೆಳಗಿನಿಂದ, ದೊಡ್ಡ ಕೊಳದಪ್ಪಲೆಯನ್ನು ಸಿಮೆಂಟಿನ ಮೇಲೆ ಎಳೆದ ಹಾಗೆ ಸದ್ದಾಯಿತು. ರಾಜಶೇಖರನಿಗೆ ತನ್ನ ಬೆನ್ನನ್ನೇ ಯಾರೋ ಕೆರೆದಂತಾಯಿತು.

ಗಿಡ್ಡಯ್ಯನವರು ಇಳಿದು, ಬಿಳಿ ಅಂಗಿಯಲ್ಲೇ ರಸ್ತೆಯ ಮೇಲೆ ಬಗ್ಗಿ, ಗಾಡಿಯ ಅಡಿಗೆ ಟೇಪು ಹಿಡಿದರು. “ನಾಲ್ಕು ಜನ ಕೂತ್ರೆ ಒಂದೂವರೆ ಇಂಚು ಕಮ್ಮಿ ಬೀಳ್ತದೆ. ಇಳಿದು ದಾಟ್ಸಿದ್ರೆ ತಾಗಲ್ಲ. ಹಳೇಬೀಡಿಗೆ ಒಟ್ಟು ಹದಿನಾಲ್ಕು ಹಂಪು. ಇದು ಒಂದು.”

ಹಾಗೆ ಒಂದು ಪದ್ಧತಿ ಏರ್ಪಟ್ಟಿತು. ಹಂಪು ಕಂಡೊಡನೆ ರಾಜಶೇಖರ ಗಾಡಿ ನಿಲ್ಲಿಸುವುದು. ಮೂವರೂ ಇಳಿಯುವುದು. ಖಾಲಿ ಗಾಡಿ ಓರೆಯಾಗಿ, ಬಾಣಂತಿ ಮೆಟ್ಟಿಲಿಳಿದ ಹಾಗೆ ಒಂದೊಂದೇ ಚಕ್ರ ಇಳಿಸಿಕೊಂಡು ದಾಟುವುದು. ಗಿಡ್ಡಯ್ಯನವರು ಬಗ್ಗಿ ನೋಡಿ ಕೈ ಬೀಸುವುದು. ಮೂವರೂ ನಡೆದುಬಂದು ಮತ್ತೆ ಹತ್ತುವುದು. ಹಿಂದಿನಿಂದ ಬಂದ ಬೈಕು, ಆಟೋ, ತೆಂಗಿನಕಾಯಿ ಟೆಂಪೋಗಳೆಲ್ಲ ಹಾರನ್ನು ಹೊಡೆದು, ಪಕ್ಕಕ್ಕೆ ಬಂದಾಗ ಸಂತಾಪದ ಮುಖ ಮಾಡಿ ಮುಂದೆ ಹೋಗುತ್ತಿದ್ದವು. ಒಬ್ಬ ಟೆಂಪೋದವನಂತೂ ನಿಲ್ಲಿಸಿ, “ಯಾರಾದ್ರೂ ಹೋಗ್ಬಿಟ್ರಾ ಸಾ?” ಎಂದು ಮೆಲ್ಲಗೆ ಕೇಳಿದ.

ನಾಲ್ಕನೆಯ ಹಂಪಿಗೂ ಐದನೆಯದಕ್ಕೂ ನಡುವೆ ಸ್ವಲ್ಪ ಉದ್ದದ ರಸ್ತೆ ಸಿಕ್ಕಿತು. ಹಿಂದಿನ ಸೀಟಿನವರು ಇಳಿದು ಹತ್ತಿದ ಆಯಾಸಕ್ಕೆ ಸುಮ್ಮನಿದ್ದರು. ರಾಜಶೇಖರ ಗಂಟಲು ಸರಿಮಾಡಿಕೊಂಡು, “ಪ್ರತಿಮಾ, ನಾನು ಒಂದು ಯೋಚನೆ ಮಾಡ್ತಿದ್ದೆ,” ಅಂದ.

“ಏನು?”

ಅಷ್ಟರಲ್ಲಿ ಫೋನು ಬಂತು. ಗಾಡಿಯ ಎಂಟು ಸ್ಪೀಕರುಗಳಿಂದಲೂ ಜಾವಗಲ್ಲಿನ ತೋಟದವರೊಬ್ಬರ ದನಿ ಕೇಳಿತು. ಪೈಪು ತಿರುಗಿಸುವ ಒಂದೂವರೆ ಇಂಚಿನ ಎಲ್ಬೋ ಹತ್ತು ಬೇಕಿತ್ತು. ಅಂಗಡಿ ಯಾಕೆ ಮುಚ್ಚಿದೆಯೆಂದು ಕೇಳುತ್ತಿದ್ದರು. ಅವರಿಗೆ ಹೇಳಿ ಮುಗಿಸುವಷ್ಟರಲ್ಲಿ ಇನ್ನೊಬ್ಬರು. ಅವರ ಮೋಟರು ನೀರಿಗಿಂತ ಹೆಚ್ಚು ಸದ್ದು ಎತ್ತುತ್ತಿತ್ತು, ಆ ಸದ್ದನ್ನು ಅವರು ಫೋನಿನಲ್ಲೇ ಕೇಳಿಸಿದರು. ಪ್ರತಿಮಾ ಕಿಟಕಿಯ ಗಾಜಿಗೆ ಹಣೆ ಆನಿಸಿ ಹೊರಗೆ ನೋಡುತ್ತಿದ್ದಳು. ಫೋನು ಮುಗಿದಾಗ ಐದನೆಯ ಹಂಪು ಎದುರಿಗಿತ್ತು. ಅವನು ಹೇಳುವ ಮೊದಲೇ ಅವಳು ಇಳಿದಳು.

ಇಷ್ಟರ ನಡುವೆ ಅವನಿಗೆ ಒಂದು ಸಮಾಧಾನವಿತ್ತು. ಪ್ರತಿಮಾ ಇಳಿಯುವುದು ಹತ್ತುವುದು ಚೆನ್ನಾಗಿ ನಡೆದಿತ್ತು. ಮೊದಲೆರಡು ಸಲ ಬಾಗಿಲಿನ ಹಿಡಿ ಹಿಡಿದುಕೊಂಡಿದ್ದಳು. ಏಳನೆಯ ಹಂಪಿನ ಹೊತ್ತಿಗೆ ಹಿಡಿಯನ್ನೇ ಮರೆತಿದ್ದಳು. ಗಾಡಿಯ ಅಡಿ ಹೋದರೆ ಹೋಯಿತು, ಮೂರು ಇಂಚು ಕೆಲಸ ಮಾಡಿತು ಎಂದುಕೊಂಡ.

ಜಾವಗಲ್ ದಾಟುವಾಗ ಹನ್ನೊಂದು ಹೊಡೆದಿತ್ತು. ಅನುಸೂಯಮ್ಮನವರು, “ನಡ್ಕೊಂಡೇ ಹೊರಟಿದ್ರೂ ಇಷ್ಟೊತ್ತಿಗೆ ಹೋಗ್ತಿದ್ವಿ,” ಅಂದರು. “ನಡೀತಾನೇ ಇದೀವಲ್ಲ,” ಎಂದು ಗಂಡ ಹೇಳಿದರು. ಪ್ರತಿಮಾ ಗಡಿಯಾರ ನೋಡಿಕೊಂಡಳು.

ಜಾವಗಲ್ಲಿನಾಚೆ ಒಂದು ಹಳ್ಳಿ. ಅಲ್ಲಿ ಜಲ್ಲಿ ಟಿಪ್ಪರುಗಳ ಹಾವಳಿಗೆ ಬೇಸತ್ತು ಊರವರೇ ಹದಿನೈದು ದಿನದ ಹಿಂದೆ ಸಿಮೆಂಟಿನ ಹಂಪು ಹಾಕಿದ್ದರು. ಇಂಜಿನಿಯರನ್ನು ಕೇಳಿ ಹಾಕಿದ್ದಲ್ಲ, ಸಿಟ್ಟಿನಲ್ಲಿ ಹಾಕಿದ್ದು. ಅದಕ್ಕೆ ಇಳಿಜಾರೆಂಬುದೇ ಇರಲಿಲ್ಲ. ರಾಜಶೇಖರ ದಿನಾ ಅದನ್ನು ದಾಟುತ್ತಿದ್ದ. ಎತ್ತರದ ಗಾಡಿಯಲ್ಲಿ ಅದೊಂದು ಹಂಪೆಂದೇ ಅವನಿಗೆ ಗೊತ್ತಾಗಿರಲಿಲ್ಲ.

ಮೂವರೂ ಇಳಿದರು. ಗಿಡ್ಡಯ್ಯನವರು ಹಂಪಿಗೂ ಟೇಪು ಹಿಡಿದರು, ಗಾಡಿಗೂ ಹಿಡಿದರು. ಸ್ವಲ್ಪ ಹೊತ್ತು ಆಕಾಶ ನೋಡಿ ಲೆಕ್ಕ ಹಾಕಿದರು.

“ಅರ್ಧ ಇಂಚು ಮಿಕ್ತದೆ. ಬಿಡಿ ಸಾವ್ಕಾರ್ರೆ.”

ಬಿಟ್ಟ. ಮುಂದಿನ ಚಕ್ರಗಳು ಆಚೆ ಇಳಿದವು. ಆಮೇಲೆ ಗಾಡಿ ನಿಂತಿತು. ಆಕ್ಸಿಲರೇಟರ್ ಒತ್ತಿದರೆ ಹಿಂದಿನ ಚಕ್ರಗಳು ನೆಲ ಸಿಗದೆ ಸುತ್ತಿದವು. ಹೊಟ್ಟೆ ಹಂಪಿನ ಮೇಲೆ ಕೂತು, ಎರಡು ಟನ್ನಿನ ಗಾಡಿ ಮಕ್ಕಳ ಏತದಾಟದ ಹಲಗೆಯಂತೆ ಮೆಲ್ಲಗೆ ಮುಂದಕ್ಕೂ ಹಿಂದಕ್ಕೂ ತೂಗಿತು. ರಸ್ತೆ ಕಿರಿದು. ಒಂದು ಕಡೆ ಚರಂಡಿ, ಇನ್ನೊಂದು ಕಡೆ ಯಾರದೋ ಮನೆಯ ಜಗಲಿ.

“ನೀವು ಬೆಳಿಗ್ಗೆ ತಿಂಡಿ ತಿಂದ್ರಾ?” ಎಂದು ಗಿಡ್ಡಯ್ಯನವರು ಕೇಳಿದರು.

“ಮೂರು ಇಡ್ಲಿ.”

“ಅದೇ. ಅದನ್ನ ಲೆಕ್ಕಕ್ಕೆ ಹಿಡೀಲಿಲ್ಲ ನಾನು.”

ಹಿಂದಿನಿಂದ ದೊಡ್ಡ ಹಾರನ್ನು ಕೇಳಿತು. ಅರಸೀಕೆರೆಯಿಂದ ಬೇಲೂರಿಗೆ ಹೋಗುವ ಸರ್ಕಾರಿ ಬಸ್ಸು. ಹತ್ತೂಕಾಲಿಗೆ ಹೊರಟದ್ದು, ಒಂಬತ್ತಕ್ಕೆ ಹೊರಟವರನ್ನು ಹಿಡಿದಿತ್ತು. ಗಾಡಿ ತರುವವರೆಗೆ ರಾಜಶೇಖರ ಇಪ್ಪತ್ತಾರು ವರ್ಷ ಈ ದಾರಿಯ ಬಸ್ಸುಗಳಲ್ಲೇ ಅಂಗಡಿಗೆ ಓಡಾಡಿದವನು. ಅಂಥ ಬಸ್ಸಿಗೆ ತಾನು ಅಡ್ಡ ಕೂತೆನಲ್ಲ ಎಂದು ಅವನಿಗೆ ನಾಚಿಕೆಯಾಯಿತು.

ಬಸ್ಸಿನ ತುಂಬ ಹೆಂಗಸರೇ. ಹೆಂಗಸರಿಗೆ ಟಿಕೆಟಿಲ್ಲವೆಂದಾದ ಮೇಲೆ ಬಸ್ಸುಗಳು ಹಾಗೇ ಆಗಿದ್ದವು. ಕಂಡಕ್ಟರೂ ಹೆಂಗಸೇ, ಲತಾಮಣಿ ಎಂದು ಎದೆಯ ಮೇಲೆ ಹೆಸರಿತ್ತು. ಆಕೆ ಇಳಿದುಬಂದು ಗಾಡಿಯನ್ನು ನೋಡಿದಳು, ಹಂಪನ್ನು ನೋಡಿದಳು, ಬೈಯಲು ಬಾಯಿ ತೆರೆದಳು. ಅಷ್ಟರಲ್ಲಿ ಆಕೆಯ ಕಣ್ಣು ಪ್ರತಿಮಾಳ ಮೇಲೆ ಬಿತ್ತು.

“ಪ್ರತಿಮಕ್ಕ? ಇದೇನ್ ಇಲ್ಲಿ? ಸ್ಟ್ಯಾಂಡಲ್ಲಿ ನಿಮ್ಮಿಬ್ರಿಗೂ ಎರಡು ನಿಮಿಷ ಕಾಯಿಸ್ದೆ ಡ್ರೈವರಣ್ಣನ್ನ. ಹುಷಾರಿಲ್ವೇನೋ ಅಂದ್ಕೊಂಡೆ. ಅನುಸೂಯಮ್ಮಾರೂ ಇಲ್ಲೇ ಇದಾರೆ.”

ರಾಜಶೇಖರ ಲತಾಮಣಿಯ ಮುಖ ನೋಡಿದ. ಬೇರೆ ಯಾರೋ ಪ್ರತಿಮಾ ಎಂದುಕೊಂಡಳೇನೋ ಅನ್ನಿಸಿತು. ಆದರೆ ಬಸ್ಸಿನ ಕಿಟಕಿಗಳಿಂದ ಐದಾರು ತಲೆಗಳು ಹೊರಬಂದವು.

“ಪ್ರತಿಮಾ, ಬಾರೆ. ಕಿಟ್ಕಿ ಪಕ್ಕ ನಿನ್ ಜಾಗ ಖಾಲಿ ಐತೆ.”

“ಹೋದ್ ವಾರ ಬೇಲೂರಲ್ಲಿ ತಗೊಂಡ ಬ್ಲೌಸ್ ಪೀಸು ಸಾಲ್ತೇನೇ?”

“ಶುಕ್ರವಾರ ಚಿಕ್ಕಮಗಳೂರಿಗೆ ಅಂದಿದ್ದೆ, ಮರೀಬ್ಯಾಡ.”

ಪ್ರತಿಮಾ ನೆಲ ನೋಡಿದಳು. ಅನುಸೂಯಮ್ಮ ಸೆರಗು ಸರಿಮಾಡಿಕೊಂಡರು. ಗಿಡ್ಡಯ್ಯನವರು ಹೆಂಡತಿಯ ಕಡೆ ತಿರುಗಿ, “ನೀನು ದಿನಾ ಸಂಘದ ಮೀಟಿಂಗು ಅಂತಿದ್ದೆ,” ಅಂದರು.

“ಇದೂ ಸಂಘಾನೇ,” ಎಂದು ಅನುಸೂಯಮ್ಮ ಹೇಳಿದರು.

ಡ್ರೈವರು, ಬಸ್ಸಿನಲ್ಲಿದ್ದ ಹತ್ತು ಗಂಡಸರು, ಜಗಲಿಯ ಮೇಲೆ ಬೀಡಿ ಸೇದುತ್ತಿದ್ದ ಮೂವರು, ಎಲ್ಲರೂ ಸೇರಿ ಗಾಡಿಯ ಹಿಂಬದಿಯನ್ನು ಎತ್ತಿದರು. ಎತ್ತುವಾಗ ಯಾರೋ, “ದೇವರ ಪಲ್ಲಕ್ಕಿ ಇದಕ್ಕಿಂತ ಹಗುರ,” ಅಂದರು. ಗಾಡಿ ನರಳಿ ಆಚೆಗೆ ಇಳಿಯಿತು. ರಾಜಶೇಖರ ಅದನ್ನು ಪಕ್ಕಕ್ಕೆ ನಿಲ್ಲಿಸಿ ಇಳಿದು ಬರುವಾಗ ಅಡಿಯಿಂದ ಏನೋ ಜೋತಾಡುತ್ತಿತ್ತು. ಅವನು ಅದನ್ನು ನೋಡಲಿಲ್ಲ. ಪ್ರತಿಮಾ ಬಸ್ಸಿನ ಬಾಗಿಲ ಹತ್ತಿರ ನಿಂತಿದ್ದಳು.

“ಹನ್ನೊಂದೂವರೆ ಆಯ್ತು ರೀ. ಚಿಕ್ಕಮ್ಮ ಕಾಯ್ತಿರ್ತಾರೆ. ನಾನು ಬಸ್ಸಲ್ಲಿ ಹೋಗ್ಬಿಡ್ತೀನಿ. ನೀವು ನಿಧಾನಕ್ಕೆ ಬನ್ನಿ.”

ಹಳ್ಳಿಯ ರಸ್ತೆ ಅಲ್ಲಿ ತಗ್ಗಾಗಿತ್ತು. ಬಸ್ಸಿನ ಮೊದಲ ಮೆಟ್ಟಿಲು ಅವಳ ತೊಡೆಯ ಮಟ್ಟಕ್ಕಿತ್ತು. ಅವಳು ಒಂದು ಕೈಯಲ್ಲಿ ಮಡಿಲಕ್ಕಿಯ ಚೀಲ, ಇನ್ನೊಂದು ಕೈಯಲ್ಲಿ ಸೀರೆಯ ನೆರಿಗೆ ಹಿಡಿದು, ಎಡಗಾಲನ್ನು ಮೊದಲಿಟ್ಟು, ಒಂದೇ ಏಟಿಗೆ ಹತ್ತಿದಳು. ಹಿಂದೆಯೇ ಅನುಸೂಯಮ್ಮ. ಗಿಡ್ಡಯ್ಯನವರು ಒಂದು ಕ್ಷಣ ರಾಜಶೇಖರನ ಪಕ್ಕ ನಿಂತರು. ಆ ಮೆಟ್ಟಿಲಿಗೆ ಟೇಪು ಹಿಡಿಯಬೇಕೆಂದು ಅವರ ಕೈ ಜೇಬಿಗೆ ಹೋಗಿ ಹಾಗೇ ವಾಪಸು ಬಂತು. “ಇವ್ಳು ಎಲ್ಲೆಲ್ಲಿ ಹೋಗಿದಾಳೆ ಕೇಳ್ಬೇಕು ಸಾವ್ಕಾರ್ರೆ, ಬತ್ತೀನಿ,” ಎಂದು ಅವರೂ ಹತ್ತಿ ಟಿಕೆಟು ಕೊಂಡರು.

ಬಸ್ಸು ಹಂಪನ್ನು ಏನೂ ಆಗದ ಹಾಗೆ ದಾಟಿ ಹೋಯಿತು. ಕಿಟಕಿಯಲ್ಲಿ ಪ್ರತಿಮಾ ಪಕ್ಕದವಳ ಕಡೆ ತಿರುಗಿ ಏನೋ ಹೇಳಿ ನಗುತ್ತಿದ್ದಳು. ಅವಳು ಅಷ್ಟು ಮಾತಾಡಿದ್ದನ್ನು ರಾಜಶೇಖರ ಮಗಳ ಮದುವೆಯ ಆಚೆಗೆ ನೋಡಿರಲಿಲ್ಲ.

ಅವನು ಗಾಡಿಯೊಳಗೆ ಕೂತ. ಹತ್ತು ನಿಮಿಷದ ಮೇಲೆ ಫೋನು ಬಂತು. ಎಂಟೂ ಸ್ಪೀಕರುಗಳಿಂದ ಪ್ರತಿಮಾಳ ದನಿ, ಅದರ ಹಿಂದೆ ಹೆಂಗಸರ ಗದ್ದಲ.

“ಕೋಪ ಬಂತಾ?”

“ಇಲ್ಲ,” ಅಂದ. ನಿಜವಾಗಿಯೂ ಬಂದಿರಲಿಲ್ಲ. ಬಂದದ್ದು ಏನೆಂದು ಅವನಿಗೆ ಹೆಸರು ಗೊತ್ತಿರಲಿಲ್ಲ. “ಯಾವಾಗಿಂದ ಹೀಗೆ ಓಡಾಡ್ತಿದೀಯ?”

“ನೀವು ಗಾಡಿ ತಂದಾಗಿಂದ.”

“ಗಾಡೀಗೂ ಬಸ್ಸಿಗೂ ಏನು ಸಂಬಂಧ?”

ಅವಳು ಬಸ್ಸಿನ ಗದ್ದಲ ಕಡಿಮೆಯಾದ ಕಡೆಗೆ ತಿರುಗಿಕೊಂಡಂತೆ, ತಗ್ಗಿದ ದನಿಯಲ್ಲಿ ಹೇಳಿದಳು.

“ಅದಕ್ಕೆ ಮುಂಚೆ ಈ ರೂಟಿನ ಯಾವ ಬಸ್ ಹತ್ತಿದ್ರೂ ನೀವೇ ಇರ್ತಿದ್ರಲ್ಲ. ಎಲ್ಲಿ ಸಿಕ್ಬಿಡ್ತೀರೋ, ಎಲ್ಲಿಗೆ ಏನು ಅಂತೀರೋ, ಅಂಗಡೀಲಿ ಕೂರು ಬಾ ಅಂತೀರೋ ಅಂತ ನಾನು ಹೊರಗೇ ಬರ್ತಿರ್ಲಿಲ್ಲ. ಗಾಡಿ ಬಂದ್ಮೇಲೆ ನೀವು ಬಸ್ ಬಿಟ್ರಿ. ನಂಗೆ ಬಸ್ ಸಿಕ್ತು.”

ರಾಜಶೇಖರ ಸ್ಟಿಯರಿಂಗಿನ ಮೇಲಿನ ಧೂಳನ್ನು ಬೆರಳಿನಿಂದ ಒರೆಸಿದ.

“ಬಸ್ಸಲ್ಲಿ ಯಾರಾದ್ರೂ ಮಾತಾಡ್ತಾರೆ ರೀ,” ಅಂದಳು. ಆಮೇಲೆ, ನಿಜವಾದ ಕೃತಜ್ಞತೆಯಿಂದ, “ನೀವು ಗಾಡಿ ತಂದದ್ದು ಒಳ್ಳೇದೇ ಆಯ್ತು. ಬೇಜಾರಾಯ್ತು ಅಂತ ಮಾರಿಗೀರಿ ಬಿಡ್ಬೇಡಿ,” ಎಂದಳು.

“ಇಲ್ಲ, ಮಾರಲ್ಲ,” ಅಂದ.

“ಇನ್ನೊಂದು ಹೇಳೋಕೆ ಫೋನ್ ಮಾಡ್ದೆ. ಮುಂದೆ ಸ್ಕೂಲ್ ಹತ್ರ ಆ ಊರೋರೇ ಇನ್ನೊಂದು ಹಂಪ್ ಹಾಕಿದಾರೆ. ಅದು ಇದಕ್ಕಿಂತ ಎತ್ತರ ಅಂತೆ. ಡ್ರೈವರಣ್ಣ ಹೇಳ್ತಿದಾರೆ, ನಿಮ್ ಗಾಡಿ ಅದನ್ನ ದಾಟಲ್ವಂತೆ. ಊಟ ಕಟ್ಟಿಸ್ಕೊಂಡು ಬರ್ತೀನಿ, ಸಂಜೆ ಬಸ್ಸು ಅಲ್ಲೇ ಹಾದು ಬರುತ್ತಲ್ಲ, ಕಿಟ್ಕೀಲಿ ಕೊಡ್ತೀನಿ.”

ಫೋನು ಕಟ್ಟಾಯಿತು. ರಾಜಶೇಖರ ಭೀಮರಾಜನಿಗೆ ಫೋನು ಮಾಡಿ, ಬಂದು ಗಾಡಿಯನ್ನು ಮೊದಲಿನ ಹಾಗೇ ಎತ್ತರ ಮಾಡಿಕೊಡು ಅಂದ.

“ಮಾಡ್ಕೊಡ್ತೀನಿ ಅಣ್ಣಾ. ಆದ್ರೆ ಹಳೇ ಸ್ಪ್ರಿಂಗು ನಿನ್ನೇನೇ ಒಬ್ರಿಗೆ ಹಾಕ್ಬಿಟ್ಟೆ. ಹೊಸದು ಬೆಂಗ್ಳೂರಿಂದ ತರಿಸ್ಬೇಕು. ಒಂದು ವಾರ.”

ಅವನು ಇಳಿದು ರಸ್ತೆಯ ನಡುವೆ ನಿಂತ. ಹಿಂದೆ, ಹದಿನಾಲ್ಕು ಜನ ಎತ್ತಿ ದಾಟಿಸಿದ ಹಂಪು. ಆ ಜನರಲ್ಲಿ ಹನ್ನೊಂದು ಮಂದಿ ಈಗ ಬಸ್ಸಿನಲ್ಲಿ ಹಳೇಬೀಡು ತಲುಪುತ್ತಿದ್ದರು. ಮುಂದೆ, ಶಾಲೆಯ ಗೇಟಿನ ಎದುರು, ಇನ್ನೂ ಸುಣ್ಣದ ಪಟ್ಟೆ ಮಾಸದ ಇನ್ನೊಂದು ಹಂಪು. ನಡುವೆ ಇನ್ನೂರು ಗಜದಷ್ಟು ಒಳ್ಳೆಯ, ನುಣುಪಾದ ಡಾಂಬರು ರಸ್ತೆ. ಅಷ್ಟರಲ್ಲಿ ಅವನ ಗಾಡಿ ಎಲ್ಲಿಯೂ ತಾಗದೆ ಎಷ್ಟು ಸಲ ಬೇಕಾದರೂ ಓಡಾಡಬಹುದಾಗಿತ್ತು.